ಹಡಗಿನ ಭಾರಿ ಸರಕು, ಮನೆಯ ಮೆಕ್ಕೆಜೋಳ: ವಿಷಾನಿಲ ಉಪಚಾರದ ಮರ್ಮ

ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಜಗಳೂರು ಕಡೆಯ ರೈತರು ನೋಡಿಯೇ ಇರುತ್ತೀರಿ. ಅಂಥ ಯಂತ್ರದ ರೆಕ್ಕೆಯಾಗಲಿ, ದೊಡ್ಡ ಕಟಾವು ಯಂತ್ರವಾಗಲಿ ಹಡಗಿನಲ್ಲಿ ದೇಶದಿಂದ ದೇಶಕ್ಕೆ ಹೋಗುವಾಗ ಮುಚ್ಚಿದ ಕಂಟೇನರಿನಲ್ಲಿ ಹಿಡಿಸುವುದಿಲ್ಲ. ಅವುಗಳ ಸಂದಿಗೊಂದಿಗಳಲ್ಲಿ, ಅಡಿಗೆ ಕೊಟ್ಟ ಮರದ ದಿಮ್ಮಿಗಳಲ್ಲಿ ಅಡಗಿ ಕೀಟಗಳೂ ಪ್ರಯಾಣ ಮಾಡುತ್ತವೆ. ಇದನ್ನು ತಡೆಯಲು ಬಂದರುಗಳಲ್ಲಿ ಕೈಗೊಳ್ಳುವ ಕ್ರಮಕ್ಕೂ ತಮ್ಮ ಮನೆಯ ಮೆಕ್ಕೆಜೋಳದ ಚೀಲಗಳಿಗೂ ಹತ್ತಿರದ ಸಂಬಂಧವಿದೆ.

ಹೊರಗಿನಿಂದ ಬಂದ ಕೀಟ ಎಷ್ಟು ದುಬಾರಿಯೆಂದು ನಮ್ಮ ಭಾಗದ ರೈತರಿಗೆ ಹೇಳಬೇಕಾಗಿಲ್ಲ. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಗುರುತಿಗೆ ಬಂದದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಆದರೆ ಬೇರೆ ದೇಶಗಳು ನಮ್ಮ ಕೀಟಕ್ಕೂ ಹೆದರುತ್ತವೆ. ಕಾಳನ್ನು ಹಿಟ್ಟು ಮಾಡುವ ಖಾಪ್ರಾ ದುಂಬಿಯ ತವರು ನಮ್ಮ ಉಪಖಂಡವೇ. ಇದರ ರೋಮಭರಿತ ಮರಿಹುಳು ಬಿರುಕಿನಲ್ಲಿ ಸೇರಿಕೊಂಡರೆ ಆಹಾರವಿಲ್ಲದೆ ವರ್ಷಗಟ್ಟಲೆ ಬದುಕಬಲ್ಲದು. 1953ರಲ್ಲಿ ಇದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡಿತು. ಆಗ ಅಲ್ಲಿಯವರು ಇಡೀ ಉಗ್ರಾಣಗಳನ್ನೇ ಟಾರ್ಪಾಲಿನ್ನಿನಿಂದ ಹೊದಿಸಿ ಒಳಗೆ ಮಿಥೈಲ್ ಬ್ರೋಮೈಡ್ ಅನಿಲವನ್ನು ಬಿಟ್ಟರು. ಪೆಟ್ಟಿಗೆಗೆ ಹಿಡಿಸದ ವಸ್ತುವಿಗೆ ಪೆಟ್ಟಿಗೆಯನ್ನೇ ಹೊಲಿದಂತಾಯಿತು.

ಭಾರಿ ಸರಕಿಗೆ ಈಗಲೂ ಇದೇ ವಿಧಾನ. ಗಟ್ಟಿ ನೆಲದ ಮೇಲೆ ಸರಕನ್ನಿಟ್ಟು, ಅನಿಲ ತೂರದ ಹೊದಿಕೆ ಹಾಕಿ, ಅದರ ಅಂಚಿನ ಮೇಲೆ ಮರಳು ತುಂಬಿದ ಉದ್ದನೆಯ ಚೀಲಗಳನ್ನು ಒತ್ತಾಗಿ ಜೋಡಿಸುತ್ತಾರೆ. ಅನಿಲದ ಪ್ರಮಾಣವನ್ನು ಸರಕಿನ ತೂಕದಿಂದಲ್ಲ, ಹೊದಿಕೆಯೊಳಗಿನ ಒಟ್ಟು ಜಾಗದಿಂದ ಲೆಕ್ಕ ಹಾಕುತ್ತಾರೆ. ಸರಕಿಗೆ ಬಳಸುವ ಮರಕ್ಕೆ ಅಂತಾರಾಷ್ಟ್ರೀಯ ನಿಯಮವೇ ಇದೆ. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ತಲುಪಿ 30 ನಿಮಿಷ ಹಾಗೆಯೇ ಇರುವಂತೆ ಕಾಯಿಸಬೇಕು. ಇಲ್ಲವೇ 21 ಡಿಗ್ರಿ ಅಥವಾ ಹೆಚ್ಚಿನ ಉಷ್ಣತೆಯಲ್ಲಿ ಘನ ಮೀಟರಿಗೆ ಸುಮಾರು 48 ಗ್ರಾಂ ಮಿಥೈಲ್ ಬ್ರೋಮೈಡ್ ಕೊಟ್ಟು 24 ಗಂಟೆ ಬಿಡಬೇಕು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. 24 ಗಂಟೆ ಕಳೆದ ಮೇಲೂ ಒಳಗೆ ಘನ ಮೀಟರಿಗೆ 24 ಗ್ರಾಂ ಅನಿಲ ಉಳಿದಿರಲೇಬೇಕು. ಎಷ್ಟು ಹಾಕಿದಿರಿ ಎಂಬುದಲ್ಲ, ಕೊನೆಯಲ್ಲಿ ಎಷ್ಟು ಉಳಿಯಿತು ಎಂಬುದೇ ಪರೀಕ್ಷೆ. ಸೋರಿದ್ದರೆ ಆ ಉಪಚಾರ ಲೆಕ್ಕಕ್ಕಿಲ್ಲ.

ನಮ್ಮಲ್ಲಿ ತಪ್ಪುವುದು ಇದೇ. ಹೊನ್ನಾಳಿ, ನ್ಯಾಮತಿಯ ಮೆಕ್ಕೆಜೋಳ ಮತ್ತು ಭತ್ತಕ್ಕೆ, ಚನ್ನಗಿರಿಯ ಅಡಿಕೆಗೆ ಹುಳು ಬಿದ್ದಾಗ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ನೆನಪಾಗುತ್ತದೆ. 3 ಗ್ರಾಂ ತೂಕದ ಒಂದು ಮಾತ್ರೆ ಗಾಳಿಯ ತೇವವನ್ನು ಹೀರಿ 1 ಗ್ರಾಂ ಫಾಸ್ಫಿನ್ ಅನಿಲ ಬಿಡುತ್ತದೆ. ಈ ಅನಿಲ ನಿಧಾನಗಾಮಿ. ಚೀಲಗಳ ನಿಟ್ಟನ್ನು ಕೆಲವು ದಿನ ಭದ್ರವಾಗಿ ಮುಚ್ಚಿಡಬೇಕು. ಮಣ್ಣಿನ ನೆಲ, ಹೆಂಚಿನ ಸೂರು, ತೂತುಬಿದ್ದ ತಾಡಪತ್ರಿ ಇದ್ದಲ್ಲಿ ಅನಿಲ ಒಂದೆರಡು ದಿನದಲ್ಲೇ ಸೋರಿಹೋಗುತ್ತದೆ. ಓಡಾಡುವ ದುಂಬಿಗಳು ಸತ್ತು ಬೀಳುವುದರಿಂದ ಕೆಲಸವಾಯಿತೆಂದು ರೈತನಿಗೆ ಸಮಾಧಾನ. ಆದರೆ ಕಾಳಿನೊಳಗಿನ ಮೊಟ್ಟೆ, ಕೋಶಗಳು ಹೆಚ್ಚು ಗಟ್ಟಿ. ಕೆಲವು ವಾರಗಳಲ್ಲಿ ಹೊಸ ಪೀಳಿಗೆ ಹೊರಬರುತ್ತದೆ. ಅರೆಬರೆ ಅನಿಲದಲ್ಲಿ ಬದುಕುಳಿದ ಹುಳುಗಳ ಸಂತತಿಯೇ ಮುಂದೆ ಅನಿಲಕ್ಕೆ ಜಗ್ಗದಂತಾಗುತ್ತದೆ. ಫಾಸ್ಫಿನ್‌ಗೆ ನಿರೋಧ ಬೆಳೆಸಿಕೊಂಡ ಉಗ್ರಾಣ ಕೀಟಗಳು ಭಾರತದಲ್ಲೂ ಕಂಡುಬಂದಿವೆ.

ಸೋರಿದ ಅನಿಲ ಹೋಗುವುದಾದರೂ ಎಲ್ಲಿಗೆ? ಪಕ್ಕದ ಕೋಣೆಗೆ, ಮಕ್ಕಳು ಮಲಗಿದ ಕಡೆಗೆ. ಫಾಸ್ಫಿನ್ ವಿಷಕ್ಕೆ ಪ್ರತಿವಿಷವಿಲ್ಲ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಬಂದರೆ ಎಲ್ಲರೂ ಕೂಡಲೇ ಹೊರಗೆ ಬರಬೇಕು, ವಾಂತಿ, ಉಸಿರಾಟದ ತೊಂದರೆ ಕಂಡರೆ ಆಸ್ಪತ್ರೆಗೆ ಹೋಗಲು ತಡಮಾಡಬಾರದು. ವಾಸನೆ ಇಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲ ಎನ್ನುವಂತಿಲ್ಲ. ಈ ಕಾರಣದಿಂದಲೇ ಸರ್ಕಾರಿ ತಜ್ಞರು ಅಥವಾ ಅಧಿಕೃತ ಕೀಟ ನಿಯಂತ್ರಕರ ಮೇಲ್ವಿಚಾರಣೆಯಲ್ಲಿ ಮಾತ್ರ ಇದನ್ನು ಬಳಸಬೇಕೆಂಬ ಕಾನೂನಿದೆ. ಅಂಗಡಿಯವರು ಗುಟ್ಟಾಗಿ ಕೊಟ್ಟರೂ ಕೊಳ್ಳಬೇಡಿ. ವಾಸದ ಮನೆಯಲ್ಲಂತೂ ಈ ಉಪಚಾರ ಕೂಡದು. ಅಂದ ಹಾಗೆ, ಫಾಸ್ಫಿನ್ ತಾಮ್ರವನ್ನು ತಿನ್ನುತ್ತದೆ. ಗೋದಾಮಿನಲ್ಲಿ ಉಪಚಾರ ಮಾಡಿಸುವ ಮುನ್ನ ಪಂಪ್‌ಸೆಟ್ಟಿನ ಮೋಟಾರು, ಸ್ಟಾರ್ಟರುಗಳನ್ನು ಹೊರಗಿಡಿ.

ವಿಷವಿಲ್ಲದೆ ಇದೇ ಮರ್ಮವನ್ನು ನಮ್ಮ ಬಯಲುಸೀಮೆಯ ಹಿರಿಯರು ಹಗೇವಿನಲ್ಲಿ ಬಳಸಿದ್ದರು. ಭದ್ರವಾಗಿ ಮುಚ್ಚಿದ ಹಗೇವಿನಲ್ಲಿ ಕಾಳು ಮತ್ತು ಹುಳುಗಳ ಉಸಿರಾಟದಿಂದಲೇ ಆಮ್ಲಜನಕ ತೀರಿ, ಹುಳು ಸಾಯುತ್ತಿತ್ತು. ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ ಎಂಬುದೂ ಅದಕ್ಕೇ. ಇಂದು ಮಾರುಕಟ್ಟೆಯಲ್ಲಿ ಸಿಗುವ, ಗಾಳಿಯಾಡದ ಪದರದ ಚೀಲಗಳು ಇದೇ ಕೆಲಸ ಮಾಡುತ್ತವೆ. ಬೀಜಕ್ಕೂ ಮನೆ ಬಳಕೆಗೂ ಇಡುವ ಕೆಲವು ಕ್ವಿಂಟಾಲ್ ಕಾಳಿಗೆ ನಾನು ಇವನ್ನೇ ಸೂಚಿಸುತ್ತೇನೆ.

ಕಾಳನ್ನು ತೇವಾಂಶ ಶೇ. 12ಕ್ಕೆ ಇಳಿಯುವವರೆಗೆ ಒಣಗಿಸಿ. ಹಸಿ ಕಾಳನ್ನು ಗಾಳಿಯಾಡದಂತೆ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಆರಿದ ಮೇಲೆ ತುಂಬಿ, ಒತ್ತಿ ಗಾಳಿ ತೆಗೆದು, ಪ್ರತಿ ಪದರದ ಬಾಯನ್ನೂ ತಿರುಚಿ ಬೇರೆ ಬೇರೆಯಾಗಿ ಕಟ್ಟಿ. ಗೋಡೆಯಿಂದ ದೂರ, ಹಲಗೆಯ ಮೇಲಿಟ್ಟು ಇಲಿಗಳಿಂದ ಕಾಪಾಡಿ; ಇಲಿ ಒಂದು ತೂತು ಕೊರೆದರೂ ಗಾಳಿ ಒಳಹೊಕ್ಕು ಹುಳು ಬದುಕಿಕೊಳ್ಳುತ್ತದೆ. ಚೀಲವನ್ನು ಪದೇ ಪದೇ ಬಿಚ್ಚಿ ನೋಡುವುದೂ ಬೇಡ.