ಬೇರೆ ಬೈಕಿನ ಟ್ಯಾಂಕು, ಈ ಬೈಕಿನ ಬೆನ್ನು

ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್ಲಿಗೆ ಮತ್ತೆ ಜೀವ ಕೊಡಲು ಹೊರಟವರನ್ನು ಕೊನೆಯವರೆಗೂ ಕಾಡುವ ಭಾಗಗಳಲ್ಲಿ ಪೆಟ್ರೋಲ್ ಟ್ಯಾಂಕು ಒಂದು. ಪಿಸ್ಟನ್ನು, ವಾಲ್ವು, ಬೇರಿಂಗುಗಳನ್ನು ಇವತ್ತಿಗೂ ಹೊಸದಾಗಿ ಮಾಡುವವರಿದ್ದಾರೆ. ಟ್ಯಾಂಕು ಹಾಗಲ್ಲ. ತೆಳು ತಗಡಿನ ಆ ಪಾತ್ರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಬೈಕು ಬಿದ್ದರೆ ಮೊದಲು ನೆಗ್ಗುತ್ತದೆ, ಚೆಂದವಾಗಿದ್ದರೆ ಯಾರೋ ಬಿಚ್ಚಿಕೊಂಡು ಹೋಗಿರುತ್ತಾರೆ. ಆಗ ಬೇರೆ ವರ್ಷದ, ಬೇರೆ ಮಾದರಿಯ, ಒಮ್ಮೊಮ್ಮೆ ಬೇರೆ ಕಂಪನಿಯದೇ ಟ್ಯಾಂಕನ್ನು ತಂದು ಕೂರಿಸುವ ಪ್ರಯತ್ನ ಶುರುವಾಗುತ್ತದೆ. ಇದು ಬೈಕಿಗೆ ಮಾಡುವ ಅಪಚಾರ ಎನ್ನುವವರು ಒಂದು ಕಡೆ, ನಾಲ್ಕು ಬೋಲ್ಟು ಬಿಗಿದರೆ ಮುಗಿಯಿತು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಟ್ಯಾಂಕನ್ನು ನೋಟದ ವಸ್ತುವಾಗಿಯೇ ಕಾಣುತ್ತಿದ್ದಾರೆ ಎಂಬುದು ನನ್ನ ತಕರಾರು. ಟ್ಯಾಂಕು ನಡುಗುವ ಯಂತ್ರದ ಮೇಲೆ ಹೊರಿಸಿದ ಭಾರ. ಜೊತೆಗೆ ಗುರುತ್ವದ ಬಲದಿಂದಲೇ ಇಂಧನ ಹರಿಸುವ ಸಾಧನ. ಈ ಎರಡು ಕೆಲಸಗಳಿಗೆ ಧಕ್ಕೆ ಬಾರದಂತೆ, ಫ್ರೇಮಿಗೆ ಗರಗಸ ಹಚ್ಚದೆ ಕೂರಿಸಲು ಸಾಧ್ಯವಾದರೆ ಬೇರೆ ಟ್ಯಾಂಕು ಸರಿ. ಆಗದಿದ್ದರೆ ಅದೆಷ್ಟೇ ಅಂದವಾಗಿದ್ದರೂ ಬೇಡ.

ಮೂಲದಲ್ಲಿದ್ದುದೇ ಇರಬೇಕು ಎನ್ನುವ ವಾದವನ್ನು ಮೊದಲು ನೋಡೋಣ. ಮೂಲ ಎಂದರೆ ಯಾವುದು? ಟ್ರಯಂಫ್ ಬಾನವಿಲ್ 1959ರಲ್ಲಿ ಮಾರುಕಟ್ಟೆಗೆ ಬಂತು. 1960ರ ದಶಕದ ಉತ್ತರಾರ್ಧದಲ್ಲಿ ಅದೇ ಬೈಕು ಅಮೆರಿಕಕ್ಕೆ ಹೋಗುವಾಗ ಎರಡೂವರೆ ಅಮೆರಿಕನ್ ಗ್ಯಾಲನ್ನಿನ, ಅಂದರೆ ಸುಮಾರು 9.5 ಲೀಟರಿನ ಪುಟ್ಟ ಟ್ಯಾಂಕು ಹೊತ್ತು ಹೋಗುತ್ತಿತ್ತು. ಇಂಗ್ಲೆಂಡಿನಲ್ಲೇ ಉಳಿದದ್ದಕ್ಕೆ ನಾಲ್ಕು ಬ್ರಿಟಿಷ್ ಗ್ಯಾಲನ್ನಿನ, ಸುಮಾರು 18 ಲೀಟರಿನ ಟ್ಯಾಂಕು. ಒಂದೇ ಬೈಕಿಗೆ ಕಾರ್ಖಾನೆಯೇ ಎರಡು ಆಕಾರ ಕೊಟ್ಟಿತ್ತು. 1971ರ ಮಾದರಿಗೆಂದು ಹೊಸ ಫ್ರೇಮು ಬಂದಾಗ ಇನ್ನೂ ವಿಚಿತ್ರ ನಡೆಯಿತು: ಎಂಜಿನ್ನಿನ ತಲೆಯ ಮೇಲಿನ ರಾಕರ್ ಬಾಕ್ಸುಗಳನ್ನು ಬಿಚ್ಚದ ಹೊರತು ಎಂಜಿನ್ನೇ ಆ ಫ್ರೇಮಿನೊಳಕ್ಕೆ ಇಳಿಯಲಿಲ್ಲ, ಭಾಗಗಳನ್ನು ಮತ್ತೆ ತಿದ್ದಬೇಕಾಯಿತು. ಇನ್ನು ಬೈಕು ಸವಾರರ ಅಡ್ಡೆಯಾಗಿದ್ದ ಲಂಡನ್ನಿನ ಏಸ್ ಕೆಫೆಯ ಕಾಲದ ಹುಡುಗರು ನಾರ್ಟನ್ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿ ಕಟ್ಟಿದ ಟ್ರೈಟನ್ ಇಂದು ತಾನೇ ಒಂದು ಪರಂಪರೆ. ಬೆರಕೆಯೂ ಈ ಬೈಕುಗಳ ಚರಿತ್ರೆಯ ಭಾಗವೇ. ಹಾಗಾಗಿ ಬೇರೆ ಟ್ಯಾಂಕನ್ನು ಶುದ್ಧಿಯ ಹೆಸರಿನಲ್ಲಿ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಆದರೆ ಅದೇ ಚರಿತ್ರೆ ಬೆರಕೆಯ ಮಿತಿಯನ್ನೂ ತೋರಿಸುತ್ತದೆ. ಬೆಲ್‌ಫಾಸ್ಟಿನ ರೆಕ್ಸ್ ಮ್ಯಾಕ್‌ಕ್ಯಾಂಡ್‌ಲೆಸ್ ರೂಪಿಸಿದ ಫೆದರ್‌ಬೆಡ್ ಫ್ರೇಮು 1950ರಲ್ಲಿ ನಾರ್ಟನ್ ರೇಸ್ ಬೈಕುಗಳಲ್ಲಿ ಕಾಣಿಸಿಕೊಂಡಿತು. ಅದರಲ್ಲಿ ಟ್ಯಾಂಕಿನ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಕೊಳವೆ ಸಮಾನಾಂತರವಾಗಿ ಓಡುತ್ತವೆ. ಅಗಲ ತಳದ ಟ್ಯಾಂಕು ಅವುಗಳ ಮೇಲೆ ಮಲಗುತ್ತದೆ. ಟ್ರಯಂಫ್, ಬಿಎಸ್‌ಎ ಫ್ರೇಮುಗಳಲ್ಲಿ ನಡುವೆ ಬೆನ್ನೆಲುಬಿನಂಥ ಒಂದು ಕೊಳವೆ ಹಾಯುತ್ತದೆ. ಟ್ಯಾಂಕಿನ ತಳದಲ್ಲಿ ಸುರಂಗದಂಥ ತಗ್ಗು ಇದ್ದು, ಅದು ಕೊಳವೆಯ ಮೇಲೆ ಜೀನಿನಂತೆ ಇಳಿಬೀಳುತ್ತದೆ. ಟ್ರೈಟನ್ನುಗಳು ಎಂಜಿನ್ನನ್ನು ಟ್ರಯಂಫಿನಿಂದ ಪಡೆದರೂ ಟ್ಯಾಂಕನ್ನು ಮಾತ್ರ ನಾರ್ಟನ್ ಮಾದರಿಯದನ್ನೇ ಹೊತ್ತದ್ದಕ್ಕೆ ಕಾರಣ ಇದೇ. ನಾರ್ಟನ್ನಿನೊಳಗೂ ಎರಡು ವಂಶಗಳಿವೆ. 1960ರಲ್ಲಿ ಸವಾರನ ಮಂಡಿಗಳು ಹತ್ತಿರ ಬರಲೆಂದು ಮೇಲಿನ ಕೊಳವೆಗಳನ್ನು ಸೀಟಿನ ಮುಂದೆ ಒಳಕ್ಕೆ ಬಾಗಿಸಿ ಸ್ಲಿಮ್‌ಲೈನ್ ಮಾಡಿದರು. ಅದಕ್ಕೆ ಹಿಂದಿನ ವೈಡ್‌ಲೈನ್ ಟ್ಯಾಂಕು ಇದರ ಮೇಲೆ ನೆಟ್ಟಗೆ ಕೂರುವುದಿಲ್ಲ. 1971ರ ಟ್ರಯಂಫ್ ಫ್ರೇಮಿನಲ್ಲಿ ಬೆನ್ನಿನ ಕೊಳವೆಯೇ ಎಂಜಿನ್ ಆಯಿಲ್ ತುಂಬುವ ಪಾತ್ರೆಯಾಗಿ ದಪ್ಪವಾಯಿತು. ಹಿಂದಿನ ವರ್ಷದ ಟ್ಯಾಂಕಿನ ಸುರಂಗದಲ್ಲಿ ಆ ಕೊಳವೆಗೆ ಜಾಗವಿಲ್ಲ. ಬೋಲ್ಟಿನ ಜಾಗಗಳೂ ಬದಲಾದವು. ಹೆಸರು ಒಂದೇ, ಬ್ಯಾಡ್ಜು ಒಂದೇ, ಎಂಜಿನ್ ಕೂಡ ಬಹುಪಾಲು ಅದೇ. ಟ್ಯಾಂಕು ಮಾತ್ರ ಒಪ್ಪದು. ಕೊಳ್ಳುವ ಮುನ್ನ ಬ್ಯಾಡ್ಜನ್ನಲ್ಲ, ಟ್ಯಾಂಕನ್ನು ಮಗುಚಿ ತಳವನ್ನು ನೋಡಬೇಕು.

ತಳ ಹೊಂದಿತು ಎಂದುಕೊಳ್ಳೋಣ. ನಿಜವಾದ ಪರೀಕ್ಷೆ ಎಂಜಿನ್ ಚಾಲೂ ಆದ ಮೇಲೆ. ಟ್ರಯಂಫಿನ ವಿನ್ಯಾಸಕಾರ ಎಡ್ವರ್ಡ್ ಟರ್ನರ್ 1937ರಲ್ಲಿ ತಂದ ಸ್ಪೀಡ್ ಟ್ವಿನ್‌ನಿಂದ ಹಿಡಿದು ಮುಂದಿನ ಹೆಚ್ಚಿನ ಬ್ರಿಟಿಷ್ ಅವಳಿ ಸಿಲಿಂಡರ್ ಎಂಜಿನ್ನುಗಳಲ್ಲಿ ಎರಡು ಪಿಸ್ಟನ್ನುಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಒಂದರ ಎಳೆತವನ್ನು ಇನ್ನೊಂದು ಕಳೆಯುವುದಿಲ್ಲ. ಕ್ರ್ಯಾಂಕಿಗೆ ಎದುರು ಭಾರ ಕೂಡಿಸಿದರೂ ನಡುಕದ ಒಂದು ಪಾಲು ಉಳಿದೇ ಉಳಿಯುತ್ತದೆ. ನಿಮಿಷಕ್ಕೆ 4000 ಸುತ್ತಿನಲ್ಲಿ ಓಡಿದರೆ ಗಂಟೆಗೆ 2,40,000 ಕಂಪನ. ನಾಲ್ಕು ಗಂಟೆಯ ಸವಾರಿಗೆ ಹತ್ತಿರಹತ್ತಿರ 10 ಲಕ್ಷ. ಒಂದೇ ಏಟಿಗೆ ಮುರಿಯದ ತಗಡು ಸಣ್ಣ ಬಾಗುವಿಕೆ ಲಕ್ಷಗಟ್ಟಲೆ ಸಲ ಮರುಕಳಿಸಿದರೆ ದಣಿದು ಬಿರಿಯುತ್ತದೆ. ಬಿರುಕು ಹುಟ್ಟುವ ಜಾಗ ಬೋಲ್ಟಿನ ಬುಡ ಅಥವಾ ಬೆಸುಗೆಯ ಅಂಚು. 18 ಲೀಟರ್ ಪೆಟ್ರೋಲಿನ ತೂಕ ಸುಮಾರು 13 ಕಿಲೋ. ಅಷ್ಟು ಭಾರ ಆ ಅಂಚುಗಳನ್ನು ಸದಾ ಜಗ್ಗುತ್ತಿರುತ್ತದೆ. ಕಾರ್ಖಾನೆಗಳು ಟ್ಯಾಂಕಿನ ಕೆಳಗೆ ರಬ್ಬರ್ ಇಟ್ಟದ್ದೂ, 1963ರ ನಂತರದ ಟ್ರಯಂಫ್ 650 ಸಿಸಿ ಬೈಕುಗಳು ಟ್ಯಾಂಕನ್ನು ಮುಂದೆ ಎರಡು, ಹಿಂದೆ ಒಂದು, ಹೀಗೆ ಮೂರೇ ಕಡೆ ಹಿಡಿದದ್ದೂ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ನಾಲ್ಕನೆಯದು ಸ್ವಲ್ಪ ತಪ್ಪಿದ್ದರೂ ಬೋಲ್ಟು ಬಿಗಿದಾಗ ತಗಡು ತಿರುಚಿಕೊಳ್ಳುತ್ತದೆ. ಬೇರೆ ಟ್ಯಾಂಕನ್ನು ಕೂರಿಸುವಾಗ ನಡೆಯುವ ದೊಡ್ಡ ತಪ್ಪು ಇದೇ: ಸಂದು ಕಂಡಲ್ಲೆಲ್ಲ ವಾಷರ್ ತುರುಕಿ, ಅಲುಗಾಡದಂತೆ ಬಿಗಿಯುವುದು. ಅಲುಗಾಡದ ಟ್ಯಾಂಕು ಫ್ರೇಮಿನ ಒಂದು ಎಲುಬಾಗಿ ಫ್ರೇಮಿನ ನಡುಕವನ್ನೆಲ್ಲ ತಾನೇ ಉಣ್ಣುತ್ತದೆ. ನಾರ್ಟನ್ ಕಮಾಂಡೋದಲ್ಲಿ ಸಮಸ್ಯೆ ಬೇರೆ. ಅಲ್ಲಿ ಎಂಜಿನ್ನೇ ರಬ್ಬರಿನ ಮೇಲೆ ಕೂತು ಫ್ರೇಮಿನೊಳಗೆ ಆಡುತ್ತದೆ. ನಿಂತ ಬೈಕಿನಲ್ಲಿ ಸಾಕೆನಿಸುವ ಸಂದು ಓಡುವಾಗ ಸಾಲದೆ ಹೋಗಬಹುದು.

ತಗಡಲ್ಲವೇ, ಸುರಂಗವನ್ನು ಬಡಿದು ಅಗಲಿಸಿದರಾಯಿತು, ಅಥವಾ ಫ್ರೇಮಿನ ಹಳೆಯ ಕೊಂಡಿ ಕತ್ತರಿಸಿ ಹೊಸದನ್ನು ಬೆಸೆದರಾಯಿತು ಎನ್ನುವವರಿದ್ದಾರೆ. ಪಳಗಿದ ಕೈಗಳಿಗೆ ಅದು ಸಾಧ್ಯ ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಬಡಿದಾಗ ಹಿಗ್ಗುವ ತಗಡು ತೆಳುವಾಗುತ್ತದೆ, ಅದೂ ಬೆಸುಗೆಯ ಪಕ್ಕದಲ್ಲೇ. ಬೆಸುಗೆಗೆ ಕೊಡುವ ಟ್ಯಾಂಕು ಖಾಲಿಯಾಗಿದ್ದಷ್ಟೂ ಅಪಾಯ ಹೆಚ್ಚು: ಗಾಳಿಯಲ್ಲಿ ಪೆಟ್ರೋಲ್ ಆವಿ ಶೇಕಡಾ 1.4ರಿಂದ 7.6ರಷ್ಟಿದ್ದರೆ ಕಿಡಿಗೆ ಸಿಡಿಯುತ್ತದೆ, ಖಾಲಿ ಟ್ಯಾಂಕಿನಲ್ಲಿ ಆ ಮಿಶ್ರಣ ಸುಲಭವಾಗಿ ಏರ್ಪಡುತ್ತದೆ. ಫ್ರೇಮಿನ ವಿಷಯ ಇನ್ನೂ ಗಂಭೀರ. ಟ್ಯಾಂಕು ಮುಂದೊಮ್ಮೆ ಸಿಕ್ಕೀತು. ಕತ್ತರಿಸಿದ ಫ್ರೇಮು ಮತ್ತೆ ಮೊದಲಿನಂತಾಗದು. ಆದ್ದರಿಂದ ಹೊಂದಾಣಿಕೆಯ ಹೊರೆಯನ್ನು ಟ್ಯಾಂಕೂ ಹೊರಬಾರದು, ಫ್ರೇಮೂ ಹೊರಬಾರದು. ಎರಡರ ನಡುವೆ ಬಿಚ್ಚಿ ತೆಗೆಯಬಹುದಾದ ಒಂದು ಪಟ್ಟಿ, ಕೊಳವೆಗೆ ಹಿಡಿಯುವ ಕ್ಲ್ಯಾಂಪು, ಅದರ ಮೇಲೆ ದಪ್ಪ ರಬ್ಬರು ಬರಲಿ. ಗೋಲ್ಡ್ ಸ್ಟಾರ್‌ನಲ್ಲಿ ಬಿಎಸ್‌ಎ ಮಾಡಿದ್ದಂತೆ ಟ್ಯಾಂಕಿನ ನಡುವೆ ಹಾಯುವ ಒಂದೇ ಬೋಲ್ಟೂ, ಕೆಳಗೆ ಒಳ್ಳೆಯ ರಬ್ಬರ್ ಇದ್ದರೆ, ಭಾರ ತಡೆಯುತ್ತದೆ.

ಇನ್ನು ಇಂಧನದ ಹರಿವು. ಈ ಬೈಕುಗಳಲ್ಲಿ ಪಂಪಿಲ್ಲ. ಟ್ಯಾಂಕು ಕಾರ್ಬುರೇಟರಿಗಿಂತ ಎತ್ತರದಲ್ಲಿರುವುದೇ ಪಂಪು. ಎತ್ತರ 15 ಸೆಂಟಿಮೀಟರ್ ಇದ್ದರೆ ಸಿಗುವ ಒತ್ತಡ ವಾತಾವರಣದ ಒತ್ತಡದ ನೂರನೇ ಒಂದು ಭಾಗ ಮಾತ್ರ. ಇಷ್ಟು ಸಣ್ಣ ಬಲಕ್ಕೆ ಸಣ್ಣ ಅಡ್ಡಿಯೂ ದೊಡ್ಡದೇ. ಪೈಪು ಒಮ್ಮೆ ಮೇಲೇರಿ ಇಳಿದರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ಟ್ಯಾಂಕಿನೊಳಗೆ ಒತ್ತಡ ಕುಸಿದು ಕೆಲವು ಮೈಲಿಗಳಲ್ಲೇ ಎಂಜಿನ್ ನಿಲ್ಲುತ್ತದೆ. ಕಾರಣವನ್ನು ಕಾರ್ಬುರೇಟರಿನಲ್ಲಿ ಹುಡುಕುತ್ತ ಕೂರುವಂತಾಗುತ್ತದೆ. ಜೀನಿನ ಆಕಾರದ ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ಸುರಂಗಕ್ಕಿಂತ ಕೆಳಗಿಳಿದರೆ ಎಡಬಲಗಳು ಎರಡು ಬೇರೆ ಕೆರೆಗಳಾಗುತ್ತವೆ. ಟ್ಯಾಪು ಒಂದೇ ಕಡೆ ಇದ್ದು, ಎರಡನ್ನೂ ಜೋಡಿಸುವ ಪೈಪು ಇಲ್ಲದಿದ್ದರೆ ಇನ್ನೊಂದು ಕಡೆಯ ಪೆಟ್ರೋಲ್ ಅಲ್ಲೇ ಉಳಿಯುತ್ತದೆ. ಹೊಸ ಟ್ಯಾಂಕು ಮುಂದಕ್ಕೆ ವಾಲಿ ಕೂತಿದ್ದರೆ ಹಿಂಬದಿಯ ಟ್ಯಾಪಿಗೆ ರಿಸರ್ವ್ ಪೆಟ್ರೋಲೂ ಪೂರ್ತಿ ದಕ್ಕದು. ಟ್ಯಾಪಿನ ಥ್ರೆಡ್ಡೂ ಮುಖ್ಯ. ಬ್ರಿಟಿಷ್ ಟ್ಯಾಂಕುಗಳಲ್ಲಿ ಸಾಮಾನ್ಯವಾದ ಕಾಲು ಇಂಚಿನ ಪೈಪ್ ಥ್ರೆಡ್ಡಿನ ಹೊರವ್ಯಾಸ 13.16 ಮಿಲಿಮೀಟರ್, ಇಂಚಿಗೆ 19 ಸುತ್ತು, ಕೋನ 55 ಡಿಗ್ರಿ. ಮೆಟ್ರಿಕ್ ಟ್ಯಾಪಿನ ಕೋನ 60 ಡಿಗ್ರಿ. ಟೇಪು ಸುತ್ತಿ ಬಲವಂತವಾಗಿ ತಿರುಗಿಸಿದರೆ ಅದು ಸೋರುವುದು ಬಿಸಿ ಎಂಜಿನ್ನಿನ ಮೇಲೆಯೇ.

ನಮ್ಮ ಗ್ಯಾರೇಜುಗಳಿಗೆ ಇದು ದೂರದ ಮಾತಲ್ಲ. ಇಂಗ್ಲೆಂಡಿನ ರೆಡಿಚ್‌ನಲ್ಲಿ ಹುಟ್ಟಿದ ರಾಯಲ್ ಎನ್‌ಫೀಲ್ಡ್ ಬುಲೆಟ್ 1955ರಿಂದ ಮದ್ರಾಸಿನಲ್ಲಿ ಜೋಡಣೆಯಾಗತೊಡಗಿತು. ಹಳೆಯ ಬುಲೆಟ್ಟಿಗೆ ಹೊಸ ಬೈಕಿನ ಟ್ಯಾಂಕು ಏರಿಸುವ ಆಸೆ ಇಲ್ಲೂ ಇದೆ. ಆದರೆ ಫ್ಯೂಯೆಲ್ ಇಂಜೆಕ್ಷನ್ ಬೈಕುಗಳ ಟ್ಯಾಂಕನ್ನು ಒಳಗೊಂದು ವಿದ್ಯುತ್ ಪಂಪು ಇರಲಿ ಎಂದೇ ರೂಪಿಸಿರುತ್ತಾರೆ. ಅಂಥ ಪಂಪು ಸಾಮಾನ್ಯವಾಗಿ ವಾತಾವರಣದ ಸುಮಾರು ಮೂರು ಪಟ್ಟು ಒತ್ತಡ ಕೊಡುತ್ತದೆ. ಗುರುತ್ವದ ಹರಿವಿಗೆಂದು ಮಾಡಿದ ಕಾರ್ಬುರೇಟರಿನ ಪುಟ್ಟ ಸೂಜಿ ಅದನ್ನು ತಡೆಯಲಾರದು.

ಇಷ್ಟೆಲ್ಲ ರಗಳೆ ಯಾಕೆ, ಹೊಸ ನಕಲು ಟ್ಯಾಂಕು ಸಿಗುತ್ತದಲ್ಲ ಎಂದು ಕೇಳಬಹುದು. ಸಿಗುತ್ತದೆ, ಬ್ರಿಟಿಷ್ ಬೈಕುಗಳಿಗೆ ಜಗತ್ತಿನಾದ್ಯಂತ ಮಾರಾಟವಾಗುವ ಇಂಥ ಟ್ಯಾಂಕುಗಳಲ್ಲಿ ಅನೇಕ ಭಾರತದಲ್ಲೇ ತಯಾರಾಗುತ್ತವೆ. ಆದರೆ ನಕಲಿನಲ್ಲೂ ಬೋಲ್ಟಿನ ಜಾಗ ಒಂದೆರಡು ಮಿಲಿಮೀಟರ್ ಸರಿದಿರಬಹುದು, ಮೇಲೆ ಹೇಳಿದ ಪರೀಕ್ಷೆಗಳಾವುವೂ ತಪ್ಪುವುದಿಲ್ಲ. ನಾನು ಖಡಾಖಂಡಿತ ಬೇಡ ಎನ್ನುವುದು ಒಂದನ್ನೇ: ಹಳೆಯ ಫೈಬರ್‌ಗ್ಲಾಸ್ ಟ್ಯಾಂಕು. ಮೊದಲ ಕಮಾಂಡೋಗಳಲ್ಲೂ ಅಂಥದಿತ್ತು, ನೋಡಲು ಬಲು ಚೆಂದ. ಆದರೆ ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥೆನಾಲ್ ಇದೆ, ನಮ್ಮಲ್ಲಿ 20ಕ್ಕೆ ಮುಟ್ಟಿದೆ. ಆ ಕಾಲದ ಪಾಲಿಯೆಸ್ಟರ್ ರಾಳವನ್ನು ಎಥೆನಾಲ್ ಮೆತ್ತಗಾಗಿಸಿ ಕರಗಿಸುತ್ತದೆ. ಕರಗಿದ ಅಂಟು ಕಾರ್ಬುರೇಟರಿನ ಜೆಟ್ಟು, ವಾಲ್ವಿನ ಕಾಂಡಗಳಿಗೆ ಮೆತ್ತುತ್ತದೆ.

ಟ್ಯಾಂಕು ಕೂರಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ತುದಿಯವರೆಗೆ ತಿರುಗಿಸಿ ಬೆರಳು, ಕೇಬಲ್ಲು, ಫೋರ್ಕು ಎಲ್ಲೂ ತಾಗದಿರುವುದನ್ನು ನೋಡಿ. ಮೊದಲ ನೂರು ಕಿಲೋಮೀಟರ್ ಓಡಿದ ಕೂಡಲೇ ಟ್ಯಾಂಕನ್ನು ಇಳಿಸಿ, ತಳದಲ್ಲಿ ಬಣ್ಣ ಉಜ್ಜಿಹೋದ ಜಾಗಗಳನ್ನು ಹುಡುಕಿ. ಎಲ್ಲಿ ತಾಗುತ್ತಿದೆ ಎಂಬುದಕ್ಕೆ ಅವೇ ಸಾಕ್ಷಿ. ಮತ್ತು ಬೈಕಿನ ಜೊತೆ ಬಂದ ಮೂಲ ಟ್ಯಾಂಕು ತೂತು ಬಿದ್ದಿದ್ದರೂ ದಯವಿಟ್ಟು ಗುಜರಿಗೆ ಹಾಕಬೇಡಿ. ಅದನ್ನು ದುರಸ್ತಿ ಮಾಡಬಲ್ಲವರು ಮುಂದೆ ಸಿಗಬಹುದು. ಸಿಗದಿದ್ದರೂ ಅದರ ಸುರಂಗದ ಅಗಲ, ಬೋಲ್ಟುಗಳ ಅಂತರ, ಟ್ಯಾಪಿನ ಜಾಗ ಮುಂದಿನ ಟ್ಯಾಂಕನ್ನು ಮಾಡುವವರಿಗೆ ಬೇಕಾದ ಅಳತೆಗಳು.