ಸಣ್ಣ ಕಾರಿಗೆ ಹೆಚ್ಚುವರಿ ದೀಪ: ಬಲ್ಬಿಗಿಂತ ವೈರಿಂಗ್ ಮುಖ್ಯ

ಸರಕಿನ ಖರೀದಿ, ಬಾಕಿ ವಸೂಲಿ, ಗ್ರಾಹಕರ ಭೇಟಿ ಮುಂತಾದ ಕಾರ್ಯಗಳಿಗಾಗಿ ಊರಿಂದೂರಿಗೆ ಸಂಚರಿಸುವ ವ್ಯಾಪಾರಿಗಳಿಗೂ ಸಣ್ಣ ಉದ್ಯಮಿಗಳಿಗೂ ರಾತ್ರಿ ಪ್ರಯಾಣ ತಪ್ಪಿದ್ದಲ್ಲ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳ ಮಳೆ ಮಂಜಿನಲ್ಲಾಗಲಿ, ಬಯಲುಸೀಮೆಯ ಕತ್ತಲೆಯ ರಸ್ತೆಗಳಲ್ಲಾಗಲಿ, ಸಣ್ಣ ಕಾರಿನ ಮೂಲ ದೀಪಗಳ ಬೆಳಕು ಸಾಲದೆಂದು ಅನೇಕರಿಗೆ ಅನ್ನಿಸುವುದು ಸಹಜ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಬಿಡಿಭಾಗಗಳ ಅಂಗಡಿಗಳವರೆಗೆ ಹೆಚ್ಚುವರಿ ದೀಪಗಳಿಗೆ ಬೇಡಿಕೆಯಿರುವುದು ಈ ಕಾರಣದಿಂದಲೇ.

ಕೊಳ್ಳುವವರು ದೀಪದ ಬೆಲೆ ಮತ್ತು ವಾಟ್‌ಗಳನ್ನು ವಿಚಾರಿಸುತ್ತಾರೆಯೇ ಹೊರತು ಅದಕ್ಕೆ ಜೋಡಿಸುವ ತಂತಿಯ ಗಾತ್ರವನ್ನು ವಿಚಾರಿಸುವವರು ವಿರಳ. ವಾಸ್ತವವಾಗಿ ರಸ್ತೆಯ ಮೇಲೆ ಬೀಳುವ ಬೆಳಕನ್ನೂ, ಕಾರಿನ ಸುರಕ್ಷತೆಯನ್ನೂ ನಿರ್ಧರಿಸುವುದರಲ್ಲಿ ತಂತಿ, ಫ್ಯೂಸ್ ಮತ್ತು ರಿಲೇಗಳ ಪಾತ್ರ ದೊಡ್ಡದು. ಈ ವಿಷಯವನ್ನು ಸರಳವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ದೀಪಗಳಲ್ಲಿ ಎರಡು ಬಗೆ

ಹೆಚ್ಚುವರಿ ದೀಪಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಡ್ರೈವಿಂಗ್ ಲ್ಯಾಂಪ್ ಕಿರಿದಾದ ಬೆಳಕಿನ ಕಿರಣವನ್ನು ಬಹುದೂರಕ್ಕೆ ಹಾಯಿಸುತ್ತದೆ. ಇದನ್ನು ಹೈ ಬೀಮ್ ಜೊತೆಯಲ್ಲಿ ಮಾತ್ರ, ಎದುರಿನಿಂದ ವಾಹನಗಳಿಲ್ಲದ ರಸ್ತೆಯಲ್ಲಿ ಬಳಸತಕ್ಕದ್ದು. ಫಾಗ್ ಲ್ಯಾಂಪ್‌ನ ಬೆಳಕು ಅಗಲವಾಗಿ, ತಗ್ಗಾಗಿ ಹರಡುತ್ತದೆ. ಅದರ ಮೇಲ್ಭಾಗವು ಗೆರೆ ಎಳೆದಂತೆ ಕತ್ತರಿಸಿರುತ್ತದೆ. ಮಂಜಿನ ಹನಿಗಳು ಬೆಳಕನ್ನು ಚಾಲಕನ ಕಣ್ಣಿಗೇ ಹಿಂದಿರುಗಿಸುವುದರಿಂದ ಘಾಟಿಯಲ್ಲಿ ಡ್ರೈವಿಂಗ್ ಲ್ಯಾಂಪ್ ಬೆಳಗಿಸಿದರೆ ಕಾಣುವುದು ಬಿಳಿಯ ಪರದೆ ಮಾತ್ರ. ಹಳದಿ ಬಣ್ಣದ ದೀಪ ಮಂಜನ್ನು ಸೀಳುತ್ತದೆಂಬ ನಂಬಿಕೆಯಿದೆ. ಆದರೆ ಮಂಜಿನಲ್ಲಿ ಪ್ರಯೋಜನಕ್ಕೆ ಬರುವುದು ಬಣ್ಣಕ್ಕಿಂತ ಹೆಚ್ಚಾಗಿ ಬೆಳಕಿನ ಆಕಾರ ಮತ್ತು ದೀಪದ ತಗ್ಗಾದ ಸ್ಥಾನ. ಆದ್ದರಿಂದ ತಾವು ಹೆಚ್ಚಾಗಿ ಸಂಚರಿಸುವ ರಸ್ತೆಯನ್ನು ಗಮನಿಸಿ ದೀಪವನ್ನು ಆರಿಸಿಕೊಳ್ಳುವುದು ಜಾಣತನ.

ಕರೆಂಟಿನ ಲೆಕ್ಕಾಚಾರ

ತಲಾ 55 ವಾಟ್‌ನ ಎರಡು ಹ್ಯಾಲೋಜನ್ ದೀಪಗಳೆಂದರೆ ಒಟ್ಟು 110 ವಾಟ್. ಮನೆಯ 230 ವೋಲ್ಟ್ ಸಂಪರ್ಕದಲ್ಲಿ ಇಷ್ಟು ವಿದ್ಯುತ್ತಿಗೆ ಅರ್ಧ ಆಂಪಿಯರ್ ಸಾಕು. ಕಾರಿನ ಬ್ಯಾಟರಿ 12 ವೋಲ್ಟ್‌ನದಾದ್ದರಿಂದ ಇದೇ 110 ವಾಟ್‌ಗೆ 9 ಆಂಪಿಯರ್‌ಗೂ ಹೆಚ್ಚು ಕರೆಂಟ್ ಹರಿಯಬೇಕು. ಎಂಜಿನ್ ಚಾಲನೆಯಲ್ಲಿರುವಾಗ ವೋಲ್ಟೇಜ್ ಏರುವುದರಿಂದ ಸುಮಾರು 10 ಆಂಪಿಯರ್ ಎಂದು ಲೆಕ್ಕ ಹಿಡಿಯಬಹುದು. ಮನೆಯ ವೈರಿಂಗಿನ ಅಂದಾಜು ಕಾರಿಗೆ ಅನ್ವಯಿಸದಿರುವುದು ಇದರಿಂದಲೇ.

1 ಚದರ ಮಿಲಿಮೀಟರ್ ಗಾತ್ರದ ತಾಮ್ರದ ತಂತಿಯನ್ನು ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೂ, ಅಲ್ಲಿಂದ ದೀಪಕ್ಕೂ ಎಳೆದರೆ ಸುಮಾರು 4 ಮೀಟರ್ ಉದ್ದವಾಗುತ್ತದೆ. 10 ಆಂಪಿಯರ್ ಹರಿದಾಗ ಈ ತಂತಿಯೊಂದರಲ್ಲೇ 0.7 ವೋಲ್ಟ್ ನಷ್ಟವಾಗುತ್ತದೆ. ಸ್ವಿಚ್ ಮತ್ತು ಜೋಡಣೆಗಳ ನಷ್ಟ ಸೇರಿದರೆ 1 ವೋಲ್ಟ್ ಮೀರುವುದು ಸುಲಭ. ಹ್ಯಾಲೋಜನ್ ಬಲ್ಬಿನ ಸ್ವಭಾವವೇನೆಂದರೆ, ವೋಲ್ಟೇಜ್ ಶೇಕಡಾ 10ರಷ್ಟು ಕುಗ್ಗಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಕುಗ್ಗುತ್ತದೆ. ಅದರ ಬದಲು 2.5 ಚದರ ಮಿಲಿಮೀಟರ್ ತಂತಿಯನ್ನು ಎಂಜಿನ್ ಭಾಗದಲ್ಲಿಯೇ 2 ಮೀಟರ್ ಎಳೆದು ಮುಗಿಸಿದರೆ ತಂತಿಯಲ್ಲಿ ಆಗುವ ನಷ್ಟ 0.14 ವೋಲ್ಟ್ ಮಾತ್ರ. ಬೆಳಕು ಸಾಲದೆಂದು 100 ವಾಟ್‌ನ ಬಲ್ಬ್ ಹಾಕುವವರು ವಾಸ್ತವವಾಗಿ ತಂತಿಯ ದೋಷವನ್ನು ಬಲ್ಬಿನಿಂದ ಮುಚ್ಚಲು ಯತ್ನಿಸುತ್ತಾರೆ. ಆಗ ಕರೆಂಟ್ ಇನ್ನಷ್ಟು ಹೆಚ್ಚಿ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಕಪ್ಪಾಗುತ್ತದೆ.

ಇನ್ನೂ ಅಪಾಯಕಾರಿಯಾದುದು ತಿರುಚಿ ಟೇಪ್ ಸುತ್ತಿದ ಜೋಡಣೆ. ಅಂತಹ ಜೋಡಣೆಯಲ್ಲಿ 0.1 ಓಮ್‌ನಷ್ಟು ಪ್ರತಿರೋಧವಿದ್ದರೂ 10 ಆಂಪಿಯರ್ ಕರೆಂಟಿಗೆ 10 ವಾಟ್ ಶಾಖವು ಕಡಲೆಕಾಳಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ಟೇಪ್ ಕರಗಿ, ಬೆತ್ತಲೆ ತಂತಿ ಬಾಡಿಗೆ ತಗುಲಿದರೆ ಮುಂದಿನದು ಬೆಂಕಿ.

ರಿಲೇ ಮತ್ತು ಫ್ಯೂಸ್

ಈ ತೊಡಕಿಗೆ ಪರಿಹಾರ ರಿಲೇ. ಇದರ ಒಳಗಿನ ಕಾಯಿಲ್‌ಗೆ ಬೇಕಾದ ಕರೆಂಟ್ ಅರ್ಧ ಆಂಪಿಯರ್‌ಗೂ ಕಡಿಮೆ. ಸ್ವಿಚ್ಚಿನ ಮೂಲಕ ಈ ಅಲ್ಪ ಕರೆಂಟ್ ಮಾತ್ರ ಹರಿಯುತ್ತದೆ. ದೀಪದ ಪೂರ್ಣ ಕರೆಂಟನ್ನು ರಿಲೇ ಹೊರುತ್ತದೆ. ಸಾಮಾನ್ಯವಾಗಿ ದೊರೆಯುವ ನಾಲ್ಕು ಕಾಲಿನ ರಿಲೇಯ ಜೋಡಣೆ ಹೀಗಿರಬೇಕು:

30: ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಸ್ ಮೂಲಕ ಬರುವ ತಂತಿ.
87: ಎರಡೂ ದೀಪಗಳಿಗೆ ಹೋಗುವ ತಂತಿ.
86: ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ಬರುವ ತಂತಿ.
85: ಅರ್ಥ್.

ಡ್ರೈವಿಂಗ್ ಲ್ಯಾಂಪ್ ಆದರೆ ಸ್ವಿಚ್ಚಿಗೆ ಹೈ ಬೀಮ್ ತಂತಿಯಿಂದಲೇ ಸಂಪರ್ಕ ಕೊಡಬೇಕು. ಆಗ ಚಾಲಕರು ಡಿಪ್ ಮಾಡಿದೊಡನೆ ಹೆಚ್ಚುವರಿ ದೀಪಗಳೂ ತಾವಾಗಿ ಆರುತ್ತವೆ. ಫಾಗ್ ಲ್ಯಾಂಪ್‌ಗೆ ಪಾರ್ಕಿಂಗ್ ದೀಪದ ತಂತಿಯಿಂದ ಸಂಪರ್ಕ ಕೊಡುವುದು ವಾಡಿಕೆ. ಕೆಲವು ಕಾರುಗಳಲ್ಲಿ ಹೆಡ್‌ಲೈಟಿನ ಸ್ವಿಚ್ ಅರ್ಥ್ ಭಾಗದಲ್ಲಿರುತ್ತದೆ. ಅವುಗಳಿಗೆ ಮೇಲಿನ ಜೋಡಣೆ ಒಗ್ಗುವುದಿಲ್ಲ. ಆದ್ದರಿಂದ ಮೀಟರಿನಿಂದ ಪರೀಕ್ಷಿಸಿದ ಬಳಿಕವೇ ತಂತಿಯನ್ನು ಮುಟ್ಟಬೇಕು. ದೀಪಗಳನ್ನು ಎಲೆಕ್ಟ್ರಾನಿಕ್ ಘಟಕ ನಿಯಂತ್ರಿಸುವ ಇತ್ತೀಚಿನ ಕಾರುಗಳಲ್ಲಿ ಅಧಿಕೃತ ಸೇವಾ ಕೇಂದ್ರದ ಸಲಹೆಯಿಲ್ಲದೆ ಯಾವ ತಂತಿಯನ್ನೂ ಕತ್ತರಿಸಬಾರದು.

ಫ್ಯೂಸ್ ಇರುವುದು ದೀಪದ ರಕ್ಷಣೆಗಲ್ಲ, ತಂತಿಯ ರಕ್ಷಣೆಗೆ. ಮೇಲಿನ ಲೆಕ್ಕಕ್ಕೆ 15 ಆಂಪಿಯರ್ ಫ್ಯೂಸ್ ಸರಿಹೊಂದುತ್ತದೆ. ಅದು ಬ್ಯಾಟರಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿರಬೇಕು. ಏಕೆಂದರೆ ಬ್ಯಾಟರಿ ಮತ್ತು ಫ್ಯೂಸ್ ನಡುವಿನ ತಂತಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಎಲ್‌ಇಡಿ ದೀಪಗಳು ಕಡಿಮೆ ಕರೆಂಟ್ ಬಳಸುವುದರಿಂದ ಫ್ಯೂಸ್ ಬೇಡವೆಂಬ ವಾದ ಸಲ್ಲದು. ಶಾರ್ಟ್ ಆದಾಗ ನೂರಾರು ಆಂಪಿಯರ್ ಹರಿಸುವುದು ಬ್ಯಾಟರಿಯೇ ಹೊರತು ದೀಪವಲ್ಲ.

ಅಳವಡಿಕೆಯಲ್ಲಿ ಎಚ್ಚರ

ದೀಪವು ರೇಡಿಯೇಟರಿಗೆ ಹೋಗುವ ಗಾಳಿಯನ್ನು ತಡೆಯಬಾರದು. ನಂಬರ್ ಪ್ಲೇಟನ್ನು ಮರೆಮಾಡಬಾರದು. ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಸೆನ್ಸರ್‌ಗಳ ಸ್ಥಾನ ತಿಳಿಯದೆ ಮುಂಭಾಗದಲ್ಲಿ ರಂಧ್ರ ಕೊರೆಯಬಾರದು. ತಂತಿ ತಗಡಿನ ಮೂಲಕ ಹಾದುಹೋಗುವೆಡೆಯಲ್ಲಿ ರಬ್ಬರ್ ಬುಶ್ ಹಾಕಬೇಕು. ಜೋಡಣೆಗಳನ್ನು ಟರ್ಮಿನಲ್ ಹಾಕಿ ಒತ್ತಿಸಿ, ಶಾಖಕ್ಕೆ ಕುಗ್ಗುವ ತೋಳಿನಿಂದ ಮುಚ್ಚಬೇಕು. ಅರ್ಥ್ ತಂತಿಯನ್ನು ಬಣ್ಣ ಕೆರೆದ ಶುದ್ಧ ಲೋಹಕ್ಕೆ ಬಿಗಿದು, ತುಕ್ಕು ಹಿಡಿಯದಂತೆ ಗ್ರೀಸ್ ಸವರಬೇಕು.

ಕೊನೆಯದಾಗಿ ದೀಪದ ದಿಕ್ಕನ್ನು ಸರಿಪಡಿಸಬೇಕು. ಸಮತಟ್ಟಾದ ನೆಲದಲ್ಲಿ, ಗೋಡೆಯಿಂದ 5 ಮೀಟರ್ ದೂರದಲ್ಲಿ ಕಾರನ್ನು ನಿಲ್ಲಿಸಿ. ಫಾಗ್ ಲ್ಯಾಂಪ್‌ನ ಬೆಳಕಿನ ಮೇಲಿನ ಗೆರೆಯು ದೀಪದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳುವಂತೆ ಹೊಂದಿಸಿದರೆ ಎದುರಿನವರಿಗೆ ತೊಂದರೆಯಾಗದು.

ಕಾನೂನು ಮತ್ತು ವಿಮೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮದ ಪ್ರಕಾರ ಮುಂದಿನ ದೀಪದ ಬೆಳಕು ಕೆಳಮುಖವಾಗಿರಬೇಕು. 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಅದು ಕಣ್ಣು ಕೋರೈಸುವಂತಿರಬಾರದು. ಸ್ಪಾಟ್ ಲೈಟ್ ಮತ್ತು ಸರ್ಚ್ ಲೈಟ್‌ಗಳನ್ನು 111ನೇ ನಿಯಮವು ನಿಷೇಧಿಸುತ್ತದೆ. ಪ್ರಖರವಾದ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈ ತಿಂಗಳಲ್ಲಿ ರಾಜ್ಯದ ಪೊಲೀಸರು ವಿಶೇಷ ಕಾರ್ಯಾಚರಣೆ ನಡೆಸಿ ಪ್ರಕರಣಗಳನ್ನು ದಾಖಲಿಸಿದ್ದರು. ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿಯು ಸೇರಿಸಿದ 182ಎ ಕಲಮು ಮಾರಾಟಗಾರರಿಗೂ ಸಂಬಂಧಿಸಿದ್ದು. ಸುರಕ್ಷತೆಗೆ ನಿರ್ಣಾಯಕವೆಂದು ಅಧಿಸೂಚಿತವಾದ ಬಿಡಿಭಾಗವನ್ನು ಮಾನದಂಡಕ್ಕೆ ಒಳಪಡದಂತೆ ಮಾರಿದರೆ ಪ್ರತಿ ಬಿಡಿಭಾಗಕ್ಕೆ 1 ಲಕ್ಷ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಎರಡಕ್ಕೂ ಅದರಲ್ಲಿ ಅವಕಾಶವಿದೆ.

ತಯಾರಕರು ಅಳವಡಿಸದ ವಿದ್ಯುತ್ ಉಪಕರಣಗಳನ್ನು ವಿಮಾ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟುವ ಪದ್ಧತಿಯಿದೆ. ನಮೂದಿಸದ ದೀಪದ ವೈರಿಂಗಿನಿಂದ ಕಾರಿಗೆ ಬೆಂಕಿ ತಗುಲಿದರೆ ಪರಿಹಾರದ ವಿಷಯದಲ್ಲಿ ತಕರಾರು ಏಳುವ ಸಂಭವವಿದೆ.

ವ್ಯಾಪಾರಿಗಳಿಗೂ ಉತ್ಪಾದಕರಿಗೂ ಅವಕಾಶ

ದೀಪವನ್ನು ಮಾತ್ರ ಮಾರಿ, ತಂತಿಯನ್ನು ಗ್ರಾಹಕರ ಪಾಲಿಗೆ ಬಿಡುವ ಅಂಗಡಿಗೆ ಆ ದಿನದ ಲಾಭ ದಕ್ಕಬಹುದು. ಸ್ವಿಚ್ ಸುಟ್ಟ ಗ್ರಾಹಕ ಮಾತ್ರ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತಲಾರ. ಸರಿಯಾದ ಗಾತ್ರದ ತಂತಿ, ನೀರು ಹೋಗದ ಫ್ಯೂಸ್ ಹೋಲ್ಡರ್, ಸಾಕೆಟ್ ಸಹಿತ ರಿಲೇ, ಸ್ವಿಚ್, ರಬ್ಬರ್ ಬುಶ್, ಬಿಡಿ ಫ್ಯೂಸ್ ಮತ್ತು ಕನ್ನಡದಲ್ಲಿ ಮುದ್ರಿಸಿದ ಜೋಡಣೆಯ ಚಿತ್ರ, ಇಷ್ಟನ್ನೂ ಒಂದೇ ಪೊಟ್ಟಣದಲ್ಲಿಟ್ಟು ದೀಪದ ಜೊತೆಗೆ ಮಾರುವುದು ಸೂಕ್ತ. ಇಂತಹ ಸಿದ್ಧ ಹಾರ್ನೆಸ್ ತಯಾರಿಕೆಗೆ ಬೇಕಾಗುವುದು ಕ್ರಿಂಪಿಂಗ್ ಉಪಕರಣ, ಪರೀಕ್ಷಾ ಮೇಜು ಮತ್ತು ಶ್ರದ್ಧೆಯುಳ್ಳ ಕೆಲಸಗಾರರು. ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆಯಂತಹ ಪ್ರದೇಶಗಳ ಸಣ್ಣ ಘಟಕಗಳಿಗೆ ಇದು ಕೈಗೆಟುಕುವ ಕೆಲಸವೇ ಸರಿ. ಬಿಲ್ಲಿನಲ್ಲಿ ದೀಪದ ಮಾದರಿ, ವಾಟ್ ಮತ್ತು ಪ್ರಮಾಣೀಕರಣದ ಗುರುತನ್ನು ನಮೂದಿಸಿದರೆ ಗ್ರಾಹಕರಿಗೆ ವಿಮೆಯ ಸಂದರ್ಭದಲ್ಲಿ ಅನುಕೂಲ, ಮಾರಿದವರಿಗೆ ವಿವಾದದಿಂದ ರಕ್ಷಣೆ.

ಕೊಳ್ಳುವವರು ತಂತಿ, ರಿಲೇ, ಫ್ಯೂಸ್‌ಗಳನ್ನು ಕೇಳಿ ಪಡೆಯಬೇಕು. ಮಾರುವವರು ಕೇಳುವ ಮೊದಲೇ ಕೊಡಬೇಕು. ಇಡೀ ಕಾರಿನ ಬೆಲೆಯ ಮುಂದೆ ಈ ಸಾಮಗ್ರಿಗಳಿಗೆ ತಗಲುವ ವೆಚ್ಚ ಅತ್ಯಲ್ಪ.