ನಿನ್ನ ಮಕ್ಕಳು, ನನ್ನ ಮಕ್ಕಳು

ನಟಿ ಲಕ್ಷ್ಮಿ ನಿರ್ದೇಶಿಸಿದ ‘ಮಕ್ಕಳ ಸೈನ್ಯ’ ತೆರೆಕಂಡದ್ದು 1980ರಲ್ಲಿ. ಮಕ್ಕಳಿರುವ ವಿಧುರ ವಿಷ್ಣುವರ್ಧನ್, ಮಕ್ಕಳಿರುವ ವಿಧವೆ ಲಕ್ಷ್ಮಿಯನ್ನು ವರಿಸುತ್ತಾನೆ, ಮುಂದಿನದೆಲ್ಲ ಗದ್ದಲ. ಮೂಲ, 1968ರ ಹಾಲಿವುಡ್ ಚಿತ್ರ ‘ಯುವರ್ಸ್, ಮೈನ್ ಅಂಡ್ ಅವರ್ಸ್’. ಅದರ ಹಿಂದಿರುವುದು ಕ್ಯಾಲಿಫೋರ್ನಿಯಾದ ಬಿಯರ್ಡ್ಸ್‌ಲಿ ಕುಟುಂಬದ ನಿಜಕಥೆ: ಅವನ ಹತ್ತು, ಅವಳ ಎಂಟು, ಆಮೇಲೆ ಇಬ್ಬರ ಎರಡು. ಬಸು ಚಟರ್ಜಿ 1978ರಲ್ಲೇ ಇಂಥ ಕಥೆಯನ್ನು ‘ಖಟ್ಟಾ ಮೀಠಾ’ದಲ್ಲಿ ಪಾರ್ಸಿ ಮನೆಗೆ ತಂದಿದ್ದರು.

ಬೇಡಕಿಹಾಳದಂಥ ಗಡಿಯೂರಿನ ಪ್ರೇಕ್ಷಕನಿಗೆ ಮರುಮದುವೆ ಅಚ್ಚರಿಯೇನಲ್ಲ. ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ‘ಉಡಿಕೆ’ ಬಹುಕಾಲದಿಂದ ಇದೆ. ಮರಾಠಿಯಲ್ಲಿ ಅದು ‘ಪಾಟ’. 1856ರ ವಿಧವಾ ಪುನರ್ವಿವಾಹ ಕಾಯ್ದೆಗಾಗಿ ಕಾದು ಕುಳಿತವರಲ್ಲ ಇವರು. ಆದರೆ ಉಡಿಕೆಯಾದವಳು ಹೊಸ ಮನೆಗೆ ಹೊರಟಾಗ ಮೊದಲ ಗಂಡನ ಮಕ್ಕಳು ಹಲವೊಮ್ಮೆ ಹಳೆಯ ಮನೆಯಲ್ಲೇ, ಅಜ್ಜ-ಕಾಕಂದಿರ ಪಾಲಿಗೆ, ಉಳಿದುಬಿಡುತ್ತಿದ್ದರು. ಈ ಚಿತ್ರಗಳಲ್ಲಿ ತಾಯಿ ಅವರನ್ನು ಬಿಟ್ಟು ಬರುವುದಿಲ್ಲ. ನಗೆಯೆಲ್ಲ ಹುಟ್ಟುವುದು ಆ ಹಟದಿಂದ. ಪ್ರೇಕ್ಷಕರಲ್ಲಿ ಕೆಲವರ ಕಣ್ಣು ತೇವವಾಗುವುದೂ ಅದರಿಂದಲೇ.

ಮಲತಾಯಿಯೆಂದರೆ ವಿಷದ ಬಟ್ಟಲು ಎಂದೇ ರೂಢಿಸಿಕೊಂಡಿದ್ದ ನಮ್ಮ ತೆರೆಗೆ ಇದೊಂದು ಬಿಡುಗಡೆ. ಇಲ್ಲಿನ ಜಗಳ ಆಸ್ತಿಯದಲ್ಲ, ಜಾಗದ್ದು, ತಟ್ಟೆಯದ್ದು. ಹೆಲೆನ್ ಬಿಯರ್ಡ್ಸ್‌ಲಿ 1965ರಲ್ಲಿ ತಮ್ಮ ಮನೆಯ ಕಥೆ ಬರೆದಾಗ ಪುಸ್ತಕಕ್ಕಿಟ್ಟ ಹೆಸರೇ ‘ಹೂ ಗೆಟ್ಸ್ ದ ಡ್ರಮ್‌ಸ್ಟಿಕ್?’, ಅಂದರೆ ಕೋಳಿಯ ಕಾಲು ಯಾರಿಗೆ? ನಮ್ಮಲ್ಲಾದರೆ ಹೋಳಿಗೆ ಎನ್ನಬಹುದಿತ್ತು.